ಅಬ್ಬಾ ಅವರ ಆರು ಬಟನ್

ಈ ವರ್ಷದ ವಿಜ್ಞಾನ ಪ್ರದರ್ಶನದಲ್ಲಿ ನನ್ನ ಮೇಜಿನ ಮೇಲೆ ಇದ್ದದ್ದು ಒಂದು ಚಿಕ್ಕ ಹಲಗೆ. ಎಡಗಡೆಯ ಮೇಜಿನಲ್ಲಿ ಜ್ವಾಲಾಮುಖಿ ಹೊಗೆಯಾಡುತ್ತಿತ್ತು. ಬಲಗಡೆ ಪುಟ್ಟ ರೋಬೋಟ್ ಕಾರು ಕಪ್ಪು ಗೆರೆ ಹಿಡಿದು ಓಡುತ್ತಿತ್ತು. ನನ್ನ ಹಲಗೆಯಲ್ಲಿ ಬಟನ್ ಒತ್ತಿದರೆ ಒಂದೆರಡು ಸಾಲು ಕನ್ನಡ ಮೂಡುತ್ತಿತ್ತು, ಅಷ್ಟೇ. ನೋಡಲು ಬಂದವರು "ಇದರಲ್ಲೇನು ವಿಶೇಷ? ಮೊಬೈಲಿನಲ್ಲೂ ಬರುತ್ತಲ್ಲ" ಎಂದು ಕೇಳಿ ಮುಂದೆ ಹೋದರು. ನಿಂತ ನಿಲುವಿನಲ್ಲಿ ಉತ್ತರ ಹೇಳಲು ನನಗೆ ಬರಲಿಲ್ಲ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಅಬ್ಬಾ ಅವರದು ಸೈಕಲ್ ರಿಪೇರಿ ಅಂಗಡಿ. ಹಳೇ ಪಿ.ಬಿ. ರಸ್ತೆಯಿಂದ ನಮ್ಮ ಓಣಿಗೆ ತಿರುಗುವ ಮೂಲೆಯಲ್ಲಿ ಒಂದು ತಗಡಿನ ಶೆಡ್ಡು, ಮುಂದೆ ಒಂದು ಮರದ ಬೆಂಚು, ಪಂಚರ್ ನೋಡಲು ನೀರು ತುಂಬಿದ ಹಳೆಯ ಬಾಣಲೆ. ಅಂಗಡಿಗೆ ಬೋರ್ಡು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಅಬ್ಬಾ ಅವರ ದನಿಯೇ ಬೋರ್ಡು. ರಸ್ತೆಯ ಆಚೆ ಹೋಗುವವರನ್ನೂ ಕೂಗಿ ಮಾತಾಡಿಸುತ್ತಿದ್ದರು. "ಏನ್ ಯಜಮಾನ್ರೇ, ಚೈನು ಅಳ್ತಾ ಐತಲ್ಲ, ಎಣ್ಣೆ ಕಾಣಿಸ್ರಿ ಅದಕ್ಕೆ!" ಸಂಜೆ ನಾನು ಶಾಲೆಯಿಂದ ಬರುವಾಗ ಓಣಿಯ ತಿರುವಿಗೆ ಬರುವ ಮೊದಲೇ ಆ ದನಿ ಕೇಳುತ್ತಿತ್ತು. ಕೆಲವೊಮ್ಮೆ ಗೆಳತಿಯರ ಮುಂದೆ ನನಗೆ ನಾಚಿಕೆಯೂ ಆಗುತ್ತಿತ್ತು.

ನಾನು ಹತ್ತನೇ ತರಗತಿಯಲ್ಲಿದ್ದಾಗ ಆ ದನಿ ಒರಟಾಯಿತು. ಮೂರು ತಿಂಗಳು ಶುಂಠಿ ಕಷಾಯ, ಜೇನುತುಪ್ಪ, ಮೆಡಿಕಲ್ ಶಾಪಿನ ಮಾತ್ರೆಗಳಲ್ಲಿ ಕಳೆಯಿತು. ಕೊನೆಗೆ ಬೆಂಗಳೂರಿಗೆ ಹೋದಾಗ ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್ ಎಂದು ತಿಳಿಯಿತು. ಇಪ್ಪತ್ತೈದು ವರ್ಷ ಬೀಡಿ ಸೇದಿದ್ದರು. ಇದನ್ನು ಮುಚ್ಚಿಡಬಾರದು, ಬರಿ ಎಂದು ಅಬ್ಬಾ ಅವರೇ ಹೇಳಿದ್ದಾರೆ. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದರು. ಈಗ ಅವರು ಉಸಿರಾಡುವುದು ಕತ್ತಿನ ಕೆಳಭಾಗದಲ್ಲಿ ಮಾಡಿರುವ ರಂಧ್ರದಿಂದ. ಗಾಳಿ ಬಾಯಿಗೆ ಬರುವುದೇ ಇಲ್ಲ. ಹಾಗಾಗಿ ಪಿಸುಮಾತು ಕೂಡ ಸಾಧ್ಯವಿಲ್ಲ. ಅಲ್‌ಹಮ್ದುಲಿಲ್ಲಾಹ್, ಜೀವ ಉಳಿಯಿತು. ನಾಲ್ಕು ತಿಂಗಳಿಗೆ ಕತ್ತಿಗೆ ಒಂದು ತೆಳು ಬಟ್ಟೆ ಕಟ್ಟಿಕೊಂಡು ಮತ್ತೆ ಅಂಗಡಿ ತೆರೆದರು.

ಕೈಗಳಿಗೆ ಏನೂ ಆಗಿರಲಿಲ್ಲ, ಕೆಲಸ ಮೊದಲಿನಂತೆಯೇ ನಡೆಯಿತು. ಕಷ್ಟವಾದದ್ದು ಗಿರಾಕಿಗಳದ್ದು. ಮಾತು ಬರುವುದಿಲ್ಲ ಎಂದು ಗೊತ್ತಾದ ಕೂಡಲೇ ಎಲ್ಲರೂ ಗಟ್ಟಿಯಾಗಿ ಕಿರುಚತೊಡಗಿದರು. "ಸಾಬ್ರೇ! ಹಿಂದಿನ ಟಯರು! ಗಾಳಿ! ನಿಲ್ತಿಲ್ಲ!" ಎಂದು ಕೈ ಬಾಯಿ ಮಾಡಿ ತೋರಿಸುತ್ತಿದ್ದರು. ಅಬ್ಬಾ ಕಿವುಡರಲ್ಲ. ಅದನ್ನು ಹೇಳಬೇಕಾದರೆ ಕೈ ಒರೆಸಿಕೊಂಡು, ನೋಟ್‌ಬುಕ್ ಹುಡುಕಿ, ಪೆನ್ನು ಹಿಡಿದು ಬರೆಯಬೇಕು. ಅಷ್ಟರಲ್ಲಿ ಗಿರಾಕಿ ಇನ್ನೂ ಎರಡು ಸಲ ಕಿರುಚಿರುತ್ತಿದ್ದ. ಬರೆದ ಹಾಳೆಯ ತುಂಬ ಗ್ರೀಸಿನ ಬೆರಳಚ್ಚು. ದಿನಕ್ಕೆ ಇಪ್ಪತ್ತು ಸಲ ಅದೇ ನಾಲ್ಕು ಮಾತು ಬರೆದು ಬರೆದು ಅಬ್ಬಾ ಬರೆಯುವುದನ್ನೇ ಬಿಟ್ಟರು. ತಲೆ ತಗ್ಗಿಸಿ ಕೆಲಸ ಮಾಡುವುದು, ದುಡ್ಡು ತೆಗೆದುಕೊಳ್ಳುವುದು, ಅಷ್ಟೇ. ಬೆಂಚಿನ ಮೇಲೆ ಹರಟೆಗೆ ಕೂರುತ್ತಿದ್ದವರು ಒಬ್ಬೊಬ್ಬರಾಗಿ ಬರುವುದು ನಿಲ್ಲಿಸಿದರು.

ಮೊಬೈಲಿನಲ್ಲಿ ಬರೆದದ್ದನ್ನು ಓದಿ ಹೇಳುವ ಆ್ಯಪ್ ಇದೆ. ಅದನ್ನು ನನ್ನ ತಮ್ಮ ಹಾಕಿಕೊಟ್ಟ. ಅಬ್ಬಾ ಒಂದು ದಿನ ನೋಡಿದರು. ಎಣ್ಣೆ ಕೈಗೆ ಟಚ್ ಸ್ಕ್ರೀನ್ ಸರಿಯಾಗಿ ಕೇಳುತ್ತಿರಲಿಲ್ಲ. ಮಧ್ಯಾಹ್ನದ ಬೆಳಕಿಗೆ ಸ್ಕ್ರೀನ್ ಕಾಣುತ್ತಿರಲಿಲ್ಲ. ಅಕ್ಷರ ಒತ್ತಿ ಮುಗಿಸುವಷ್ಟರಲ್ಲಿ ಯಾರೋ ಅಪರಿಚಿತ ಹೆಂಗಸಿನ ದನಿಯೊಂದು "ಟ್ಯೂಬ್ ಬದಲಾಯಿಸಬೇಕು" ಎಂದಿತು. ಬೆಂಚಿನಲ್ಲಿದ್ದ ಹುಡುಗರು ನಕ್ಕರು. ಅಬ್ಬಾ ಮೊಬೈಲನ್ನು ಡ್ರಾಯರಿಗೆ ಹಾಕಿದರು. ಆಮೇಲೆ ಅದರ ಮಾತೇ ಇಲ್ಲ.

ಪ್ರಥಮ ಪಿಯುಸಿಯಲ್ಲಿ ನಾನು ಎಲೆಕ್ಟ್ರಾನಿಕ್ಸ್ ತೆಗೆದುಕೊಂಡಿದ್ದೆ. ಒಂದು ದಿನ ಸ್ಟಾಫ್ ರೂಮಿನಲ್ಲಿ ನಮ್ಮ ಲೆಕ್ಚರರ್ ಮೇಜಿನ ಮೇಲೆ ಕಿಂಡಲ್ ಇತ್ತು. ಅದರ ಮೇಲೊಂದು ಚಿತ್ರ. "ಸರ್, ಆಫ್ ಮಾಡೋದು ಮರೆತಿದ್ದೀರಿ" ಎಂದೆ. ಸರ್ ನಕ್ಕು, "ಅದು ಆಫ್ ಆಗೇ ಇದೆ. ಚಿತ್ರ ಹಾಗೇ ಉಳಿಯುತ್ತೆ, ಕರೆಂಟ್ ಬೇಕಿಲ್ಲ" ಎಂದರು. ಕಿಟಕಿಯ ಬಿಸಿಲಿಗೆ ಹಿಡಿದು ತೋರಿಸಿದರು. ಬಿಸಿಲು ಹೆಚ್ಚಾದಷ್ಟೂ ಅಕ್ಷರ ಸ್ಪಷ್ಟವಾಯಿತು, ಕಾಗದದ ಹಾಗೆ. ನನಗೆ ಆ ಕ್ಷಣವೇ ಅಂಗಡಿಯ ಬೆಂಚು ನೆನಪಾಯಿತು.

ಇದರ ಹೆಸರು ಇ-ಪೇಪರ್. ಹಾಳೆಯೊಳಗೆ ಕೂದಲೆಳೆಯಷ್ಟು ದಪ್ಪದ ಲಕ್ಷಾಂತರ ಗುಳಿಗೆಗಳಿರುತ್ತವೆ. ಪ್ರತಿ ಗುಳಿಗೆಯೊಳಗೆ ಪಾರದರ್ಶಕ ದ್ರವ, ಅದರಲ್ಲಿ ಬಿಳಿ ಮತ್ತು ಕಪ್ಪು ಕಣಗಳು. ಬಿಳಿ ಕಣಕ್ಕೆ ಒಂದು ಬಗೆಯ ವಿದ್ಯುದಾವೇಶ, ಕಪ್ಪು ಕಣಕ್ಕೆ ಅದರ ವಿರುದ್ಧ. ಹಿಂದಿನಿಂದ ವೋಲ್ಟೇಜ್ ಕೊಟ್ಟರೆ ಒಂದು ಬಣ್ಣ ಮೇಲೆ ತೇಲುತ್ತದೆ, ಇನ್ನೊಂದು ಕೆಳಗೆ ಮುಳುಗುತ್ತದೆ. ವೋಲ್ಟೇಜ್ ತೆಗೆದರೂ ಕಣಗಳು ಇದ್ದಲ್ಲೇ ಇರುತ್ತವೆ. ಒಳಗೆ ಬಲ್ಬು ಇಲ್ಲ, ಹೊರಗಿನ ಬೆಳಕು ತಾಗಿ ಬಂದದ್ದನ್ನೇ ನಾವು ನೋಡುವುದು. ಇದನ್ನು 1990ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಪ್ರೊಫೆಸರ್ ಜೋಸೆಫ್ ಜೇಕಬ್ಸನ್ ಅವರ ಜೊತೆ ಸೇರಿ ಮಾಡಿದವರು ಜೆ.ಡಿ. ಆಲ್ಬರ್ಟ್ ಮತ್ತು ಬ್ಯಾರೆಟ್ ಕಾಮಿಸ್ಕಿ ಎಂಬ ಇಬ್ಬರು ವಿದ್ಯಾರ್ಥಿಗಳು. ಆಗ ಅವರಿನ್ನೂ ಡಿಗ್ರಿ ಓದುತ್ತಿದ್ದರು. ಅವರ ಲೇಖನ 1998ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ನಮಗಿಂತ ಮೂರ್ನಾಲ್ಕು ವರ್ಷವಷ್ಟೇ ದೊಡ್ಡವರು ಎಂಬುದು ನನಗೆ ಧೈರ್ಯ ಕೊಟ್ಟಿತು.

ಎರಡು ಈದ್‌ಗಳ ಈದಿ ಹಣ ಕೂಡಿಟ್ಟಿದ್ದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಮಾಮು ತಂದುಕೊಟ್ಟ ಸಾಮಾನು ಇಷ್ಟು: ಒಂದು ರಾಸ್‌ಬೆರಿ ಪೈ ಪಿಕೋ, 2.9 ಇಂಚಿನ ಕಪ್ಪು ಬಿಳುಪಿನ ಇ-ಪೇಪರ್, ಒಂದು ಬ್ರೆಡ್‌ಬೋರ್ಡ್, ಹತ್ತು ಪುಶ್ ಬಟನ್, ಒಂದು ಕಟ್ಟು ವೈರು. ಕೆಂಪು ಬಣ್ಣವೂ ಬರುವ ಇ-ಪೇಪರ್ ಸಿಗುತ್ತದೆ. ಆದರೆ ಅದು ಬದಲಾಗಲು ಹದಿನೈದು ಸೆಕೆಂಡಿನಷ್ಟು ಬೇಕು. ಗಿರಾಕಿ ಅಷ್ಟು ಹೊತ್ತು ಕಾಯುವುದಿಲ್ಲ ಎಂದು ಸರ್ ಮೊದಲೇ ಎಚ್ಚರಿಸಿದ್ದರು.

ನಮ್ಮ ಹಲಗೆಯಲ್ಲಿ ಅಡ್ಡಕ್ಕೆ 296 ಚುಕ್ಕೆ, ಉದ್ದಕ್ಕೆ 128 ಚುಕ್ಕೆ. ಒಂದೊಂದು ಚುಕ್ಕೆಯೂ ಕಪ್ಪು ಅಥವಾ ಬಿಳಿ, ಅಂದರೆ ಒಂದು ಬಿಟ್. ಗುಣಿಸಿ 8ರಿಂದ ಭಾಗಿಸಿದರೆ 4,736 ಬೈಟ್. ಮೊದಲು ಆ ಇಡೀ ಚಿತ್ರವನ್ನು ಪಿಕೋದ ಮೆಮೊರಿಯಲ್ಲಿ ಬರೆಯಬೇಕು, ಆಮೇಲೆ ಒಟ್ಟಿಗೆ ಹಲಗೆಗೆ ಕಳಿಸಬೇಕು. ಮೈಕ್ರೋಪೈಥಾನ್‌ನಲ್ಲಿ ಇದಕ್ಕೆ ಸಿದ್ಧ ಸಾಧನವಿದೆ. ಯಾವ ಜಾಗದಲ್ಲಿ ಯಾವ ಪಠ್ಯ ಎಂದು ಒಂದು ಸಾಲು ಬರೆದರೆ ಸಾಕು. ಮೊದಲ ದಿನವೇ ಇಂಗ್ಲಿಷಿನಲ್ಲಿ 'ಹಲೋ' ಮೂಡಿತು. ರಾತ್ರಿ ಹನ್ನೊಂದಕ್ಕೆ ಅಮ್ಮಿಯನ್ನು ಎಬ್ಬಿಸಿ ತೋರಿಸಿದೆ.

ಮರುದಿನ ಅದೇ ಸಾಲಿನಲ್ಲಿ 'ನಾಳೆ ಬನ್ನಿ' ಎಂದು ಕನ್ನಡದಲ್ಲಿ ಬರೆದೆ. ಹಲಗೆಯ ಮೇಲೆ ಬಂದದ್ದು ಚದುರಂಗದ ಮಣೆಯಂಥ ಪುಟ್ಟ ಚೌಕಗಳು. ಎಣಿಸಿದೆ. ಮೊದಲು ಹನ್ನೆರಡು, ಒಂದು ಖಾಲಿ ಜಾಗ, ಮತ್ತೆ ಹದಿನೈದು. ವೈರು ಸಡಿಲವಾಗಿದೆ ಎಂದುಕೊಂಡು ಒಂದು ಗಂಟೆ ಹಾಳು ಮಾಡಿದೆ. ವೈರು ಸರಿಯಾಗಿಯೇ ಇತ್ತು. ಪಿಕೋದೊಳಗಿನ ಅಕ್ಷರಮಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೇನೂ ಇಲ್ಲ. ತನಗೆ ಗೊತ್ತಿಲ್ಲದ ಪ್ರತಿ ಬೈಟಿಗೂ ಅದು ಒಂದು ಚೌಕ ಬರೆಯುತ್ತದೆ. ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್. 'ನಾಳೆ' ಎಂಬುದು ಕಂಪ್ಯೂಟರಿಗೆ ನ, ದೀರ್ಘ, ಳ, ಎತ್ವ ಎಂಬ ನಾಲ್ಕು ಚಿಹ್ನೆ, ಅಂದರೆ ಹನ್ನೆರಡು ಚೌಕ. ಲೆಕ್ಕ ಸರಿಯಾಗಿತ್ತು. ಓದಲು ಮಾತ್ರ ಬರುತ್ತಿರಲಿಲ್ಲ.

ಸರಿ, ಅಕ್ಷರಗಳನ್ನು ನಾನೇ ಬರೆಯುತ್ತೇನೆ ಎಂದು ಗ್ರಾಫ್ ಹಾಳೆ ಹಿಡಿದು ಕೂತೆ. ಒಂದೊಂದು ಚೌಕ ಒಂದೊಂದು ಚುಕ್ಕೆ. ನ, ಬ, ಳ ಬರೆದಾಗ ಖುಷಿಯಾಯಿತು. 'ನ್ನಿ' ಬಂದಾಗ ಪೆನ್ಸಿಲ್ ನಿಂತಿತು. ಕಂಪ್ಯೂಟರಿನಲ್ಲಿ ಅದರ ಕ್ರಮ ನ, ಅರ್ಧಾಕ್ಷರದ ಗುರುತು, ಮತ್ತೊಂದು ನ, ಕೊನೆಗೆ ಗುಡಿಸು. ಆದರೆ ಬರೆಯುವಾಗ ಕೊನೆಗೆ ಬಂದ ಗುಡಿಸು ಮೊದಲ ನಕಾರದ ತಲೆಗೇರುತ್ತದೆ, ಎರಡನೆಯ ನ ರೂಪವನ್ನೇ ಬದಲಿಸಿ ಒತ್ತಾಗಿ ಕೆಳಗಿಳಿಯುತ್ತದೆ. 'ಬರ್ತೀನಿ' ಬರೆದರೆ ಮೊದಲು ಬರುವ ರಕಾರ ಅರ್ಕಾವೊತ್ತಾಗಿ ಹಿಂದೆ ಹೋಗಿ ನಿಲ್ಲುತ್ತದೆ. ಒಂದನೇ ತರಗತಿಯಿಂದ ಯೋಚಿಸದೆ ಬರೆದ ಅಕ್ಷರಗಳು ಇವು. ಒಂದು ಯಂತ್ರಕ್ಕೆ ಹೇಳಿಕೊಡಲು ಹೋದಾಗಲೇ ನಮ್ಮ ಕೈ ಎಷ್ಟೆಲ್ಲ ನಿಯಮ ಪಾಲಿಸುತ್ತದೆ ಎಂದು ನನಗೆ ಗೊತ್ತಾದದ್ದು. ಮೊಬೈಲು, ಕಂಪ್ಯೂಟರುಗಳಲ್ಲಿ ಈ ಜೋಡಣೆಯನ್ನು ಮಾಡಲು ಪ್ರತ್ಯೇಕ ಸಾಫ್ಟ್‌ವೇರ್ ಇರುತ್ತದೆ. ಪಿಕೋದಲ್ಲಿ ಅದು ಇಲ್ಲ.

ಹದಿನೈದು ದಿನ ಒದ್ದಾಡಿದ ಮೇಲೆ ಸರ್ ಒಂದು ಮಾತು ಹೇಳಿದರು: "ನಿನಗೆ ಕನ್ನಡದ ಎಲ್ಲ ಪದ ಬೇಕಾ, ಅಥವಾ ನಾಲ್ಕು ವಾಕ್ಯ ಬೇಕಾ?" ನನಗೆ ಬೇಕಿದ್ದದ್ದು ನಾಲ್ಕೇ ವಾಕ್ಯ. ಹಾಗಿದ್ದರೆ ಪಿಕೋಗೆ ಕನ್ನಡ ಗೊತ್ತಿರಬೇಕಾಗಿಯೇ ಇಲ್ಲ. ಕಂಪ್ಯೂಟರ್ ಲ್ಯಾಬಿನಲ್ಲಿ ಲಿಬ್ರೆಆಫೀಸ್ ತೆರೆದು ದೊಡ್ಡ ಅಕ್ಷರದಲ್ಲಿ ವಾಕ್ಯ ಟೈಪ್ ಮಾಡಿದೆ. ಸ್ಕ್ರೀನಿನ ಚಿತ್ರ ತೆಗೆದು, ಜಿಂಪ್‌ನಲ್ಲಿ 296ಕ್ಕೆ 128 ಅಳತೆಗೆ ಇಳಿಸಿ, ಬೂದು ಬಣ್ಣವೆಲ್ಲ ತೆಗೆದು ಬರೀ ಕಪ್ಪು ಬಿಳುಪು ಮಾಡಿದೆ. ಆ 4,736 ಬೈಟ್‌ಗಳನ್ನೇ ಪಿಕೋಗೆ ತುಂಬಿದೆ. ಪಿಕೋದಲ್ಲಿ 2 ಎಂಬಿ ಜಾಗವಿದೆ, ಇಪ್ಪತ್ತು ವಾಕ್ಯ ತುಂಬಿದರೂ ಒಂದು ಲಕ್ಷ ಬೈಟ್ ಮುಟ್ಟುವುದಿಲ್ಲ. ಹಲಗೆಯ ಮೇಲೆ 'ನಾಳೆ ಬನ್ನಿ' ಗುಡಿಸು, ಒತ್ತು ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತು ಮೂಡಿತು. ಗ್ರಾಫ್ ಹಾಳೆಗಳನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಇನ್ನು ಬಟನ್. ಇದು ಸುಲಭ ಎಂದುಕೊಂಡಿದ್ದೆ. ಪುಶ್ ಬಟನ್‌ಗೆ ನಾಲ್ಕು ಕಾಲು, ಆದರೆ ಅವು ಎರಡೆರಡು ಒಳಗೇ ಜೋಡಿಯಾಗಿರುತ್ತವೆ. ನಾನು ಜೋಡಿಯಾಗಿದ್ದ ಕಾಲುಗಳಿಗೇ ವೈರು ಕೊಟ್ಟಿದ್ದೆ. ಬಟನ್ ಸದಾ ಒತ್ತಿದಂತೆಯೇ ಇತ್ತು. ತೊಂಬತ್ತು ಡಿಗ್ರಿ ತಿರುಗಿಸಿ ಚುಚ್ಚಿದ ಮೇಲೆ ಸರಿಹೋಯಿತು. ಆಮೇಲೆ ಒಂದು ಸಲ ಒತ್ತಿದರೆ ಮೂರು ಸಲ ಒತ್ತಿದಂತೆ ಲೆಕ್ಕವಾಗತೊಡಗಿತು. ಒಳಗಿನ ಲೋಹದ ಪಟ್ಟಿ ಕೂಡುವಾಗ ಕೆಲವು ಮಿಲಿಸೆಕೆಂಡ್ ಕುಣಿಯುತ್ತದೆ. ನಮ್ಮ ಬೆರಳಿಗೆ ಅದು ತಿಳಿಯುವುದಿಲ್ಲ, ಪಿಕೋಗೆ ತಿಳಿಯುತ್ತದೆ. ಮೊದಲ ಸ್ಪರ್ಶದ ನಂತರ 50 ಮಿಲಿಸೆಕೆಂಡ್ ಕಾದು ಮತ್ತೊಮ್ಮೆ ನೋಡು, ಆಗಲೂ ಒತ್ತಿದ್ದರೆ ಮಾತ್ರ ಲೆಕ್ಕಕ್ಕೆ ಹಿಡಿ ಎಂದು ಬರೆದೆ.

ಇ-ಪೇಪರ್ ಪೂರ್ತಿ ಬದಲಾಗಲು ಸುಮಾರು 2 ಸೆಕೆಂಡ್ ಬೇಕು. ಆಗ ಅದು ಕಪ್ಪು ಬಿಳುಪಾಗಿ ಎರಡು ಮೂರು ಸಲ ಮಿನುಗುತ್ತದೆ. ಆ ಹೊತ್ತಿನಲ್ಲಿ "ನಾನು ಕೆಲಸದಲ್ಲಿದ್ದೇನೆ" ಎಂದು ಒಂದು ತಂತಿಯ ಮೂಲಕ ತಿಳಿಸುತ್ತಿರುತ್ತದೆ. ಅದು ಮುಗಿಯುವ ತನಕ ಬೇರೆ ಚಿತ್ರ ಕಳಿಸಬಾರದು. ಎರಡು ಸೆಕೆಂಡ್ ಕಾಯಲಾರದೆ ಮತ್ತೆ ಮತ್ತೆ ಒತ್ತುವವರಿಗಾಗಿ ಕೊನೆಯ ಒತ್ತನ್ನು ಮಾತ್ರ ನೆನಪಿಡುವಂತೆ ಮಾಡಿದೆ. ಬೇಗ ಬದಲಾಗುವ ಇನ್ನೊಂದು ವಿಧಾನವೂ ಇದೆ. ಅದರಲ್ಲಿ ಮಿನುಗು ಇಲ್ಲ, ಆದರೆ ಹಿಂದಿನ ಮಾತಿನ ಮಾಸಲು ನೆರಳು ಉಳಿಯುತ್ತದೆ. ಹಾಗಾಗಿ ನಾಲ್ಕು ಸಲ ಬೇಗನೆ, ಐದನೇ ಸಲ ಪೂರ್ತಿಯಾಗಿ ಎಂದು ವ್ಯವಸ್ಥೆ ಮಾಡಿದೆ. ಚಿತ್ರ ಬರೆದ ಮೇಲೆ ಹಲಗೆಯನ್ನು ನಿದ್ದೆಗೆ ಕಳಿಸುವುದನ್ನು ಮರೆಯಬಾರದು. ಹೆಚ್ಚಿನ ವೋಲ್ಟೇಜಿನಲ್ಲಿ ಸುಮ್ಮನೆ ಬಿಟ್ಟರೆ ಅದು ಕೆಡುತ್ತದೆ.

ಒಂದು ಭಾನುವಾರ ಎಲ್ಲವನ್ನೂ ಪ್ಲೈವುಡ್ ತುಂಡಿನ ಮೇಲೆ ಕೂರಿಸಿ ಅಬ್ಬಾ ಅವರ ಮುಂದಿಟ್ಟೆ. ನಾಲ್ಕು ಬಟನ್, ನಾಲ್ಕು ವಾಕ್ಯ. 'ದಯವಿಟ್ಟು ಕಾಯಿರಿ.' 'ಕೆಲಸ ಮುಗಿದಿದೆ.' 'ನಾಳೆ ಬನ್ನಿ.' 'ಧನ್ಯವಾದಗಳು.' ಅಬ್ಬಾ ನಾಲ್ಕನ್ನೂ ಒತ್ತಿ ನೋಡಿದರು. ನನ್ನ ತಲೆ ಸವರಿದರು. ಅಂಗಡಿಗೆ ತೆಗೆದುಕೊಂಡೂ ಹೋದರು. ಮೂರು ದಿನ ಕಳೆದು ನೋಡಿದರೆ ಹಲಗೆ ಟ್ಯೂಬುಗಳ ಪೆಟ್ಟಿಗೆಯ ಹಿಂದೆ ಇತ್ತು. ನನಗೆ ಅಳು ಬಂತು. ಯಾಕೆ ಎಂದು ಕೇಳಿದೆ. ಅಬ್ಬಾ ನೋಟ್‌ಬುಕ್ ತೆಗೆದು ಬರೆದರು: "ಕೆಲಸ ಚೆನ್ನಾಗಿದೆ ಬೇಟಿ. ಆದರೆ ಇದು ನನ್ನ ಮಾತಲ್ಲ. ಬ್ಯಾಂಕಿನವರ ಮಾತು."

ಆ ಸಾಲನ್ನು ನಾನು ತುಂಬ ಹೊತ್ತು ನೋಡುತ್ತ ಕೂತೆ. ಚುಕ್ಕೆಗಳನ್ನು ಎಣಿಸಿದ್ದೆ, ಮಿಲಿಸೆಕೆಂಡುಗಳನ್ನು ಎಣಿಸಿದ್ದೆ. ಅಬ್ಬಾ ಏನು ಹೇಳಲು ಬಯಸುತ್ತಾರೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಅವರು ಜೀವಮಾನದಲ್ಲಿ ಯಾವ ಗಿರಾಕಿಗೂ 'ದಯವಿಟ್ಟು ಕಾಯಿರಿ' ಎಂದವರಲ್ಲ. ದನಿ ಹೋಗಿದ್ದು ರೋಗದಿಂದ. ಮಾತನ್ನೂ ನಾನು ತೆಗೆದುಬಿಟ್ಟಿದ್ದೆ.

ಆಮೇಲೆ ಒಂದು ವಾರ ನಾನು ಬಟನ್, ವೈರು ಮುಟ್ಟಲಿಲ್ಲ. ಅಮ್ಮಿಯನ್ನು, ಎದುರಿನ ಟೀ ಅಂಗಡಿಯವರನ್ನು, ಬೆಂಚಿನ ಹಳೆಯ ಗೆಳೆಯರನ್ನು ಕೇಳಿದೆ, "ಅಬ್ಬಾ ಏನೇನು ಹೇಳ್ತಿದ್ರು?" ಒಬ್ಬೊಬ್ಬರೂ ಅವರ ದನಿಯನ್ನು ಅನುಕರಿಸಿ ಹೇಳಿದರು. ನನ್ನ ಹಳೆಯ ಮೊಬೈಲಿನಲ್ಲಿ ಅಬ್ಬಾ ಕಳಿಸಿದ್ದ ಮೂರು ವಾಯ್ಸ್ ಮೆಸೇಜ್ ಸಿಕ್ಕವು. ಒಂದು ಟಿಫಿನ್ ಬಾಕ್ಸ್ ಮರೆತದ್ದಕ್ಕೆ ಬೈಗುಳ. ಕೇಳುವುದು ಸುಲಭವಿರಲಿಲ್ಲ. ಪಟ್ಟಿ ಮಾಡಿಕೊಂಡು ಅಬ್ಬಾ ಅವರ ಪಕ್ಕ ಕೂತೆ. ಅವರು ಕೆಲವನ್ನು ಹೊಡೆದುಹಾಕಿದರು, ಕೆಲವನ್ನು ತಿದ್ದಿದರು. ಕೊನೆಗೆ ಐದು ಉಳಿದವು.

'ಕುಂದ್ರಿ, ಐದೇ ನಿಮಿಷ.' 'ಟ್ಯೂಬೇ ಹೋಗೈತಿ, ಪ್ಯಾಚ್ ನಿಲ್ಲಂಗಿಲ್ಲ.' 'ಸಂಜಿಗೆ ಬರ್ರಿ.' 'ಇವತ್ತು ಅಂಗಡಿ ಇಲ್ಲ.' ಐದನೆಯದನ್ನು ಅಬ್ಬಾ ತಾವಾಗಿಯೇ ಬರೆದರು, ಅದಕ್ಕೆ ಎಲ್ಲಕ್ಕಿಂತ ದೊಡ್ಡ ಬಟನ್ ಬೇಕು ಎಂದರು: 'ಹೋಗಿದ್ದು ದನಿ. ಕಿವಿ ಇನ್ನೂ ಐತಿ. ಮೆಲ್ಲಗೆ ಹೇಳ್ರಿ.'

ಮೊದಲ ದಿನ ಒಬ್ಬರು ಸ್ಕೂಲ್ ಮೇಷ್ಟರು ಬಂದು ಎಂದಿನಂತೆ ಕಿರುಚಿದರು. ಅಬ್ಬಾ ಮಂಡಿಯ ಮೇಲಿನ ಟಯರನ್ನು ಬಿಡದೆ, ಗ್ರೀಸ್ ಹತ್ತಿದ ಹೆಬ್ಬೆರಳಿನಲ್ಲೇ ದೊಡ್ಡ ಬಟನ್ ಒತ್ತಿದರು. ಹಲಗೆ ಮಿನುಗಿತು. ಮೇಷ್ಟರು ಕನ್ನಡಕ ಸರಿಮಾಡಿಕೊಂಡು ಓದಿದರು. ನಾಲಿಗೆ ಕಚ್ಚಿಕೊಂಡು ನಕ್ಕರು. ಅಬ್ಬಾ ಕೂಡ ನಕ್ಕರು. ಅವರ ನಗುವಿಗೆ ಈಗ ಸದ್ದಿಲ್ಲ, ಹೆಗಲು ಮಾತ್ರ ಕುಣಿಯುತ್ತದೆ. ಮೇಷ್ಟರು ಬೆಂಚಿನ ಮೇಲೆ ಕೂತು ಮೆಲ್ಲಗೆ, ಸಾಮಾನ್ಯ ದನಿಯಲ್ಲಿ, ತಮ್ಮ ಸೈಕಲ್ಲಿನ ಕಥೆ ಹೇಳಿದರು. ಅಷ್ಟೇ ನಡೆದದ್ದು. ನಾನು ಟೀ ಅಂಗಡಿಯ ಬಳಿ ನಿಂತು ನೋಡುತ್ತಿದ್ದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನನ್ನ ಹಲಗೆ ಒಂದು ಸುಳ್ಳು ಹೇಳಿತು.

ಅಬ್ಬಾ ತಿಂಗಳ ಚೆಕಪ್‌ಗೆ ಬೆಂಗಳೂರಿಗೆ ಹೋಗುವ ದಿನ. ನಸುಕಿನ ರೈಲು. ಹಲಗೆಯನ್ನು ಶಟರಿನ ಪಕ್ಕದ ಜಾಲರಿಯೊಳಗೆ ನೇತುಹಾಕಿ, 'ಇವತ್ತು ಅಂಗಡಿ ಇಲ್ಲ' ಬಟನ್ ಒತ್ತಿ, ಕತ್ತಲಲ್ಲಿ ಅವಸರದಿಂದ ಸ್ಟೇಷನ್ನಿಗೆ ಹೋದರು. ಹಿಂದಿನ ರಾತ್ರಿಯೇ ಮೂರು ಸೆಲ್‌ಗಳ ಶಕ್ತಿ ಮುಗಿದಿತ್ತು. ಬೇರೆ ಯಾವುದೇ ಸ್ಕ್ರೀನ್ ಆಗಿದ್ದರೆ ಕಪ್ಪಾಗುತ್ತಿತ್ತು, ಕೆಟ್ಟಿದೆ ಎಂದು ಗೊತ್ತಾಗುತ್ತಿತ್ತು. ಇ-ಪೇಪರ್ ಹಾಗಲ್ಲ. ಹಿಂದಿನ ಸಂಜೆ ಕೊನೆಯದಾಗಿ ಒತ್ತಿದ್ದ ಮಾತು ಅಚ್ಚುಕಟ್ಟಾಗಿ ಹಾಗೆಯೇ ನಿಂತಿತ್ತು: 'ಕುಂದ್ರಿ, ಐದೇ ನಿಮಿಷ.'

ಹಾಲು ಹಾಕುವ ಒಬ್ಬ ಅಜ್ಜ, ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿಕೊಂಡು ಬರುವವರು, ಅಂದು ಪಂಚರ್ ಆಗಿ ಬಂದರು. ಓದಿದರು. ಕೂತರು. ಅಬ್ಬಾ ಅವರ ಮಾತಿನ ಮೇಲೆ ಅಷ್ಟು ನಂಬಿಕೆ. ಒಂದೂವರೆ ಗಂಟೆ ಕೂತರು. ಟೀ ಅಂಗಡಿ ತೆರೆದ ಮೇಲೆ ಅವರು ಹೇಳಿ ಎಬ್ಬಿಸಿದರಂತೆ. ಅಷ್ಟರಲ್ಲಿ ಬೆಳಗಿನ ವರ್ತನೆಯ ಮನೆಗಳವರು ಪ್ಯಾಕೆಟ್ ಹಾಲು ತಂದುಕೊಂಡಾಗಿತ್ತು.

ಮರುದಿನ ಅಜ್ಜ ಸಿಟ್ಟಿನಿಂದ ಬಂದರು. ಅಬ್ಬಾ ಅವರಿಗೆ ಏನಾಯಿತೆಂದೇ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಹಲಗೆಯ ಕಡೆ ನೋಡಿದರು. ಐದು ಬಟನ್‌ಗಳಲ್ಲಿ ಯಾವುದೂ ಆ ಹೊತ್ತಿಗೆ ಬೇಕಾದ ಮಾತಲ್ಲ. ಅಜ್ಜನ ಕೈ ಹಿಡಿದುಕೊಂಡರು, ಹೊಸ ಟ್ಯೂಬ್ ಹಾಕಿಕೊಟ್ಟರು, ದುಡ್ಡು ಮುಟ್ಟಲಿಲ್ಲ. ಸಂಜೆ ನನಗೆ ಬರೆದು ತಿಳಿಸಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ತಪ್ಪು ಅಬ್ಬಾ ಅವರದಲ್ಲ, ನನ್ನದು. ಮರೆಯದ ಸ್ಕ್ರೀನ್ ಎಂದು ನಾನು ಹೆಮ್ಮೆಪಟ್ಟ ಗುಣವೇ ಮೋಸ ಮಾಡಿತ್ತು. ಜೀವ ಹೋದ ಮೇಲೂ ಅದು ಬದುಕಿರುವಂತೆಯೇ ಕಾಣುತ್ತದೆ. ಹಾಗಾಗಿ ಸಾಯುವ ಮೊದಲೇ ಅದು ಹೇಳಬೇಕು. ಪಿಕೋ ತನಗೆ ಬರುತ್ತಿರುವ ವೋಲ್ಟೇಜನ್ನು ತಾನೇ ಅಳೆಯಬಲ್ಲದು. ಹೊಸ ಸೆಲ್ ಮೂರು ಸೇರಿ 4.5 ವೋಲ್ಟ್. ಪಿಕೋ 1.8 ವೋಲ್ಟ್‌ವರೆಗೂ ಕೆಲಸ ಮಾಡುತ್ತದೆ. 3 ವೋಲ್ಟ್‌ಗೆ ಇಳಿದ ಕೂಡಲೇ, ಇನ್ನೂ ಶಕ್ತಿ ಇರುವಾಗಲೇ, ಬೇರೆಲ್ಲ ಮಾತು ಅಳಿಸಿ 'ಸೆಲ್ ಮುಗೀತು, ಇದನ್ನ ನಂಬಬೇಡ್ರಿ' ಎಂದು ಬರೆದು ನಿಂತುಬಿಡುವಂತೆ ಮಾಡಿದೆ. ಇನ್ನೊಂದು ಸಾಲನ್ನೂ ಸೇರಿಸಿದೆ. 'ಐದೇ ನಿಮಿಷ' ಎಂಬ ಮಾತು ಅರ್ಧ ಗಂಟೆಗಿಂತ ಹೆಚ್ಚು ಹಲಗೆಯ ಮೇಲೆ ಇರುವಂತಿಲ್ಲ, ತಾನಾಗಿಯೇ ಅಳಿಯಬೇಕು. ಆರನೇ ಬಟನ್ ಕೂರಿಸಿದೆ. ಅದರ ಮಾತು ಒಂದೇ: 'ತಪ್ಪಾತು.'

ಆ ವಾರದ ಭಾನುವಾರ ಹಾಲಿನ ಅಜ್ಜ ಬರುವ ಹೊತ್ತಿಗೆ ಅಂಗಡಿಯ ಮುಂದೆ ನಿಂತಿದ್ದೆ. "ಅಜ್ಜಾ, ಅವತ್ತು ಅಬ್ಬಾ ಸರಿಯಾಗೇ ಒತ್ತಿದ್ರು. ಬರೆದವಳು ನಾನು, ತಪ್ಪು ನಂದು" ಎಂದೆ. ಅಜ್ಜ ನನ್ನನ್ನು, ಹಲಗೆಯನ್ನು, ಮತ್ತೆ ನನ್ನನ್ನು ನೋಡಿದರು. "ಅದು ನೀನು ಬರೆದಿದ್ದಾ? ನಾನು ನಿಮ್ಮಪ್ಪನೇ ಹೇಳ್ದ ಅನ್ಕಂಡು ಕುಂತಿದ್ದೆ ನೋಡವ್ವಾ" ಎಂದರು. ಅದು ಬೈಗುಳವೋ ಹೊಗಳಿಕೆಯೋ ನನಗೆ ಇನ್ನೂ ಗೊತ್ತಾಗಿಲ್ಲ.

ಪ್ರದರ್ಶನದಲ್ಲಿ ನನಗೆ ಬಹುಮಾನ ಬರಲಿಲ್ಲ. ಜ್ವಾಲಾಮುಖಿಗೂ ಬರಲಿಲ್ಲ, ರೋಬೋಟ್ ಕಾರಿಗೆ ಬಂತು. ಅದನ್ನು ಮಾಡಿದ ತಂಡ ನಿಜಕ್ಕೂ ಚೆನ್ನಾಗಿ ಮಾಡಿತ್ತು. ಪ್ರದರ್ಶನಕ್ಕೆಂದು ಹಲಗೆ ಎರಡು ದಿನ ಕಾಲೇಜಿನಲ್ಲಿತ್ತು. ಮೂರನೇ ದಿನ ಬೆಳಿಗ್ಗೆ ನಾನು ಏಳುವ ಮೊದಲೇ ಅಬ್ಬಾ ನನ್ನ ಬ್ಯಾಗಿನಿಂದ ಅದನ್ನು ತೆಗೆದುಕೊಂಡು ಅಂಗಡಿಗೆ ಹೋಗಿದ್ದರು. ನನಗೆ ಅದು ಸಾಕಾಯಿತು.

ಪ್ರದರ್ಶನದಲ್ಲಿ ಯಾರಿಗೂ ತೋರಿಸದ ಒಂದು ಸಂಗತಿ ಇದೆ. ನಮ್ಮ ಮನೆಯ ಮಾತು ದಖನಿ. ಆದರೆ ಅಬ್ಬಾ ಓದಿದ್ದು ಸರಕಾರಿ ಕನ್ನಡ ಶಾಲೆಯಲ್ಲಿ, ನಾಲ್ಕನೇ ತರಗತಿವರೆಗೆ. ಹಾಗಾಗಿ ಅವರು ದಖನಿಯನ್ನೂ ಬರೆಯುವುದು ಕನ್ನಡ ಅಕ್ಷರದಲ್ಲೇ. ಒಂದು ದಿನ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದು, ಇದನ್ನೂ ಹಾಕು, ಆದರೆ ಬಟನ್ ಬೇಡ ಎಂದು ಸನ್ನೆ ಮಾಡಿದರು. ಮೊದಲನೇ ಮತ್ತು ಆರನೇ ಬಟನ್ ಒಟ್ಟಿಗೆ ಒತ್ತಿದರೆ ಮಾತ್ರ ಅದು ಬರುತ್ತದೆ. ಸಂಜೆ ನಾಲ್ಕೂವರೆಗೆ ನಾನು ಓಣಿಯ ತಿರುವಿಗೆ ಬರುವಾಗ ಹಲಗೆಯಲ್ಲಿ ಹೀಗಿರುತ್ತದೆ: 'ಖಾನಾ ಖಾಯೀ ಕ್ಯಾ?' ಗಿರಾಕಿಗಳು ಅದು ಯಾವುದೋ ಟಯರ್ ಕಂಪನಿಯ ಹೆಸರು ಎಂದುಕೊಂಡಿದ್ದಾರೆ.

ಕೆಲಸ ಇನ್ನೂ ಮುಗಿದಿಲ್ಲ. ಹಲಗೆಯ ಪರದೆ 67 ಮಿಲಿಮೀಟರ್ ಅಗಲ, 29 ಮಿಲಿಮೀಟರ್ ಎತ್ತರ ಅಷ್ಟೇ. ಬೆಂಚಿನವರಿಗೆ ಕಾಣುತ್ತದೆ, ರಸ್ತೆಯವರಿಗೆ ಕಾಣುವುದಿಲ್ಲ. ಮಳೆಗಾಲಕ್ಕೆ ಮೊದಲು ಡಬ್ಬಿ ಮಾಡಿಸಬೇಕು. ಮತ್ತೆ, ಓದುಗರಲ್ಲಿ ಯಾರಾದರೂ ಇಂಥದ್ದನ್ನು ಮಾಡಲು ಹೊರಟರೆ ಒಂದೇ ಮಾತು: ವೈರು ಚುಚ್ಚುವ ಮೊದಲು, ಅದನ್ನು ಬಳಸುವವರ ಪಕ್ಕ ಒಂದು ವಾರ ಕೂತುಕೊಳ್ಳಿ. ನಾನು ಅದನ್ನು ಕೊನೆಗೆ ಮಾಡಿದೆ.

ಅಬ್ಬಾ ಈಗ ಕತ್ತಿಗೆ ಒತ್ತಿ ಹಿಡಿಯುವ ಒಂದು ಯಂತ್ರದಿಂದ ಮಾತಾಡುವುದನ್ನು ಕಲಿಯುತ್ತಿದ್ದಾರೆ. ಅದು ಗುಂಯ್‌ಗುಡುತ್ತದೆ. ಬಾಯಿ ಆಡಿಸಿದಂತೆ ಆ ಸದ್ದು ಮಾತಾಗುತ್ತದೆ. ಇನ್ನೂ ಸರಿಯಾಗಿ ಹಿಡಿತಕ್ಕೆ ಬಂದಿಲ್ಲ, ಹತ್ತರಲ್ಲಿ ನಾಲ್ಕು ಪದ ನಮಗೆ ತಿಳಿಯುತ್ತದೆ. ಅವರು ಪೂರ್ತಿ ಕಲಿತ ದಿನ ಈ ಹಲಗೆ ಬೇಕಾಗುವುದಿಲ್ಲ. ಆಗ ಏನು ಮಾಡೋಣ ಎಂದು ಕೇಳಿದೆ. ಅಬ್ಬಾ ಸ್ವಲ್ಪ ಯೋಚಿಸಿ ಬರೆದರು: "ಗಾಳಿಗೆ ದುಡ್ಡಿಲ್ಲ ಅಂತ ಬರೆದು ಹೊರಗೆ ಹಾಕು. ಅಂಗಡಿಗೆ ಒಂದು ಬೋರ್ಡು ಆಗುತ್ತೆ."